ಟೈರಿನ ಹಳದಿ ದೀಪ ಹೊತ್ತಿದಾಗ: ಗಾಳಿಯೋ, ರೀಸೆಟ್ಟೋ, ಹೊಸ ಸೆನ್ಸರೋ?

ಕಳೆದ ಡಿಸೆಂಬರಿನಲ್ಲಿ ಸಕಲೇಶಪುರದ ಹತ್ತಿರದ ಹೋಂಸ್ಟೇಯೊಂದರಲ್ಲಿ ಬೆಳಗಿನ ಆರೂವರೆಗೆ ಕಾರು ಚಾಲೂ ಮಾಡಿದೆ. ಕುದುರೆ ಲಾಳದಂಥ ಆಕೃತಿಯ ನಡುವೆ ಆಶ್ಚರ್ಯಸೂಚಕ ಚಿಹ್ನೆಯಿರುವ, ಟೈರಿನ ಗಾಳಿಯ ಬಗ್ಗೆ ಎಚ್ಚರಿಸುವ ಹಳದಿ ದೀಪ ಹೊತ್ತಿಕೊಂಡಿತು. ಪರದೆಯ ಮೇಲೆ ನಾಲ್ಕು ಚಕ್ರಗಳ ಗಾಳಿಯ ಒತ್ತಡದ ಅಂಕಿಗಳು, ಪಿಎಸ್‌ಐ ಎಂಬ ಅಳತೆಯಲ್ಲಿ, 28, 28, 27, 28 ಎಂದಿದ್ದವು. ಹಿಂದಿನ ಮಧ್ಯಾಹ್ನ ಹಾಸನದ ಬಂಕಿನಲ್ಲಿ ನಾಲ್ಕಕ್ಕೂ 33 ಪಿಎಸ್‌ಐ ತುಂಬಿಸಿಕೊಂಡು ಬಂದಿದ್ದೆ. ಪಕ್ಕದಲ್ಲಿ ಕಾರು ಒರೆಸುತ್ತಿದ್ದ ಟ್ಯಾಕ್ಸಿ ಚಾಲಕರೊಬ್ಬರು ಬಗ್ಗಿ ನೋಡಿ, "ರೀಸೆಟ್ ಒತ್ತಿಬಿಡಿ ಸಾರ್, ಹೋಗುತ್ತೆ" ಎಂದರು.

ಅವರ ಸಲಹೆ ಒಳ್ಳೆಯ ಮನಸ್ಸಿನದೇ, ಆದರೆ ನನ್ನ ಕಾರಿನಲ್ಲಿ ಒತ್ತುವುದಕ್ಕೆ ಅಂಥ ಗುಂಡಿಯೇ ಇಲ್ಲ. ಗುಂಡಿಯಿರುವ ಕಾರುಗಳಲ್ಲಿ ಆ ಹೊತ್ತಿಗೆ ಅದನ್ನು ಒತ್ತುವುದು ತಪ್ಪು ಕೆಲಸವಾಗುತ್ತಿತ್ತು. ಏಕೆಂದರೆ ರೀಸೆಟ್ ಎಂಬ ಒಂದೇ ಮಾತು ಎರಡು ಬಗೆಯ ಕಾರುಗಳಲ್ಲಿ ಎರಡು ಬೇರೆ ಕೆಲಸಗಳನ್ನು ಸೂಚಿಸುತ್ತದೆ. ನಿಮ್ಮ ಕಾರು ಯಾವ ಬಗೆಯದೆಂದು ತಿಳಿದರೆ ಉಳಿದ ಆಯ್ಕೆಗಳೆಲ್ಲ ಸುಲಭವಾಗುತ್ತವೆ. ತಿಳಿಯದಿದ್ದರೆ ಗಾಳಿಯಿಲ್ಲದ ಟೈರಿಗೆ ನಾವೇ "ಸರಿಯಿದೆ" ಎಂದು ಮುದ್ರೆ ಒತ್ತಿಕೊಡುವ ಸಂಭವವಿದೆ.

ಅಳೆಯುವ ಬಗೆ, ಊಹಿಸುವ ಬಗೆ

ಮೊದಲನೆಯದು ನೇರವಾಗಿ ಅಳೆಯುವ ವ್ಯವಸ್ಥೆ. ಪ್ರತಿ ಚಕ್ರದ ಒಳಗೆ, ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಸೆನ್ಸರ್ ಇರುತ್ತದೆ. ಅದು ಗಾಳಿಯ ಒತ್ತಡವನ್ನೂ ಸಾಮಾನ್ಯವಾಗಿ ಉಷ್ಣತೆಯನ್ನೂ ಅಳೆದು ರೇಡಿಯೋ ಸಂಕೇತದ ಮೂಲಕ ಕಾರಿನ ಕಂಪ್ಯೂಟರಿಗೆ ಕಳಿಸುತ್ತದೆ. ಯುರೋಪಿನ ಕಾರುಗಳಂತೆ ನಮ್ಮಲ್ಲಿಯೂ ಸಾಮಾನ್ಯವಾಗಿ ಬಳಕೆಯಲ್ಲಿರುವುದು 433 ಮೆಗಾಹರ್ಟ್ಸ್ ತರಂಗ. ಅಮೆರಿಕದ ಅನೇಕ ಕಾರುಗಳಲ್ಲಿ 315 ಇರುತ್ತದೆ. ಆದ್ದರಿಂದ ಅಮೆರಿಕದಲ್ಲಿರುವ ಬಂಧುಗಳ ಕೈಯಲ್ಲಿ ಅಗ್ಗದ ಸೆನ್ಸರುಗಳನ್ನು ತರಿಸುವ ಮುನ್ನ ಆ ಅಂಕಿಯನ್ನು ನೋಡಿಕೊಳ್ಳುವುದು ಒಳಿತು. ಸೆನ್ಸರಿನೊಳಗಿನ ಬ್ಯಾಟರಿಯನ್ನು ಸೀಲು ಮಾಡಿರುತ್ತಾರೆ, ಅದನ್ನಷ್ಟೇ ಬಿಚ್ಚಿ ಬದಲಿಸಲಾಗದು. ಬಳಕೆಗೆ ತಕ್ಕಂತೆ 5ರಿಂದ 10 ವರ್ಷ ಬಾಳಿಕೆ ಬರುತ್ತದೆ.

ಎರಡನೆಯದರಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಗಾಗಿ ಹೇಗೂ ಇರುವ ಚಕ್ರವೇಗದ ಸೆನ್ಸರುಗಳನ್ನೇ ಕಂಪ್ಯೂಟರು ಗಮನಿಸುತ್ತಿರುತ್ತದೆ. ಗಾಳಿ ಇಳಿದ ಟೈರಿನ ಸುತ್ತಳತೆ ಕೂದಲೆಳೆಯಷ್ಟು, ಸಾಮಾನ್ಯವಾಗಿ ಶೇಕಡಾ 1ಕ್ಕಿಂತಲೂ ಕಡಿಮೆ, ಕುಗ್ಗುತ್ತದೆ. ಹೀಗಾಗಿ ಅದೇ ದೂರವನ್ನು ಕ್ರಮಿಸಲು ಆ ಚಕ್ರ ಉಳಿದ ಮೂರಕ್ಕಿಂತ ತುಸು ಹೆಚ್ಚು ಸುತ್ತಬೇಕಾಗುತ್ತದೆ. ಆ ವ್ಯತ್ಯಾಸವನ್ನು ಹಿಡಿದು ದೀಪ ಹೊತ್ತಿಸಲಾಗುತ್ತದೆ. ಇಲ್ಲಿ ಅಳತೆಯಿಲ್ಲ, ಹೋಲಿಕೆಯಿದೆ. ಹೋಲಿಸಲು ಒಂದು ಮೂಲಮಾದರಿ ಬೇಕಲ್ಲವೇ? ಆ ಮಾದರಿಯನ್ನು ಕಾರಿಗೆ ಕೊಡುವವರು ನಾವು. ರೀಸೆಟ್ ಒತ್ತಿದ ಗಳಿಗೆಯೇ ಅದನ್ನು ಕೊಡುವ ಗಳಿಗೆ.

ಗುರುತಿಸುವುದು ಕಷ್ಟವಲ್ಲ. ಪರದೆಯ ಮೇಲೆ ನಾಲ್ಕು ಚಕ್ರಗಳಿಗೂ ಬೇರೆ ಬೇರೆ ಅಂಕಿಗಳು ಕಾಣುತ್ತಿದ್ದರೆ ಅದು ನೇರ ಅಳತೆಯದು. ಹ್ಯುಂಡೈ ಕ್ರೆಟಾದ ಮೇಲ್ದರ್ಜೆಯ ಮಾದರಿಗಳಲ್ಲಿ ಇರುವುದು ಇದು. ದೀಪ ಮಾತ್ರವಿದ್ದು, ಟೈರಿನ ಒತ್ತಡವನ್ನು "ಸೆಟ್" ಅಥವಾ "ಸ್ಟೋರ್" ಮಾಡುವ ಆಯ್ಕೆ ಮೆನುವಿನಲ್ಲಿದ್ದರೆ ಬಹುಮಟ್ಟಿಗೆ ಹೋಲಿಕೆಯದು. ಫೋಕ್ಸ್‌ವ್ಯಾಗನ್ ಟೈಗುನ್, ಸ್ಕೋಡಾ ಕುಶಾಕ್‌ಗಳಲ್ಲಿ ಬಂದಿರುವುದು ಈ ಬಗೆ. ಒಂದೇ ಹೆಸರಿನ ಕಾರಿನಲ್ಲಿಯೂ ವರ್ಷ ಮತ್ತು ವೇರಿಯಂಟ್ ಬದಲಾದಂತೆ ವ್ಯವಸ್ಥೆ ಬದಲಾಗಬಹುದಾದ್ದರಿಂದ ಕೊನೆಯ ಮಾತು ಕಾರಿನೊಂದಿಗೆ ಬಂದ ಕೈಪಿಡಿಯದು. ಲೋಹದ ವಾಲ್ವ್ ಇದ್ದರೆ ಒಳಗೆ ಸೆನ್ಸರ್ ಇದೆ, ರಬ್ಬರಿನದಾದರೆ ಇಲ್ಲ ಎಂದು ಪಂಕ್ಚರ್ ಅಂಗಡಿಗಳಲ್ಲಿ ಹೇಳುವುದುಂಟು. ಅದನ್ನು ನೆಚ್ಚಿಕೊಳ್ಳಬಾರದು, ರಬ್ಬರ್ ವಾಲ್ವಿಗೆ ಕೂಡಿಸಿದ ಸೆನ್ಸರುಗಳೂ ಇವೆ.

ಎರಡರಲ್ಲಿ ಯಾವುದು ಮೇಲು? ಹೊಸ ಕಾರು ಕೊಳ್ಳುವಾಗ ಆಯ್ಕೆಯಿದ್ದರೆ ನಾನು ನೇರ ಅಳತೆಯದನ್ನೇ ಆರಿಸುತ್ತೇನೆ. ಸಕಲೇಶಪುರದ ಆ ಬೆಳಗ್ಗೆ ನಾಲ್ಕೂ ಅಂಕಿಗಳು ಒಟ್ಟಿಗೆ ಇಳಿದಿದ್ದುದು ಕಣ್ಣಿಗೆ ಕಂಡದ್ದರಿಂದಲೇ ಅದು ಮೊಳೆಯ ಕೆಲಸವಲ್ಲ, ಚಳಿಯ ಕೆಲಸ ಎಂದು ಕೂಡಲೇ ತಿಳಿಯಿತು. ಒಂದೇ ಚಕ್ರ 27ಕ್ಕೆ ಇಳಿದು ಉಳಿದ ಮೂರು 33ರಲ್ಲಿಯೇ ಇದ್ದಿದ್ದರೆ ಸ್ಟೆಪ್ನಿ ಇಳಿಸುವ ಸಿದ್ಧತೆ ಮಾಡಿಕೊಳ್ಳಬೇಕಿತ್ತು. ಹೋಲಿಕೆಯ ವ್ಯವಸ್ಥೆಯಲ್ಲಿ ಈ ಭೇದ ತಿಳಿಯುವುದಿಲ್ಲ. ಅದರ ಸರಳ ಮಾದರಿಗಳು ನಾಲ್ಕೂ ಟೈರುಗಳು ಒಟ್ಟಿಗೆ, ಸಮನಾಗಿ ಇಳಿದರೆ ಗುರುತಿಸುವುದೇ ಇಲ್ಲ. ತಿಂಗಳುಗಟ್ಟಲೆ ಗಾಳಿ ನೋಡದೆ ಓಡಿಸುವವರಲ್ಲಿ ಆಗುವುದೂ ಅದೇ. ಆದರೆ ಅದರ ಪರವಾಗಿಯೂ ಒಂದು ಮಾತು ಹೇಳಬೇಕು: ಅದರಲ್ಲಿ ಸವೆಯುವ ಬ್ಯಾಟರಿಯಿಲ್ಲ, ಟೈರ್ ಬಿಚ್ಚುವಾಗ ಮುರಿಯುವ ಭಾಗವಿಲ್ಲ, ಹತ್ತು ವರ್ಷವಾದರೂ ಕೈಯಿಂದ ಕಾಸು ಬಿಚ್ಚಬೇಕಾಗಿಲ್ಲ.

ಚಳಿ, ಬಿಸಿಲು, ಘಟ್ಟ

ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸಾಮಾನ್ಯ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಹೆದ್ದಾರಿಯಲ್ಲಿ ಓಡಿ ಕಾದ ಟೈರು 45 ಡಿಗ್ರಿಯಲ್ಲಿದ್ದಾಗ 33 ತುಂಬಿಸಿ, ಮರುದಿನದ 15 ಡಿಗ್ರಿಯ ಮುಂಜಾವಿನಲ್ಲಿ ನೋಡಿದರೆ ನಾಲ್ಕೂವರೆ ಪಿಎಸ್‌ಐ ಕಡಿಮೆ ಕಾಣುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಅಂದರೆ ದೀಪದಲ್ಲಿ ದೋಷವಿರಲಿಲ್ಲ, ಬಿಸಿ ಟೈರಿಗೆ ತಣ್ಣನೆಯ ಟೈರಿನ ಅಂಕಿಯನ್ನು ತುಂಬಿಸಿದ ನನ್ನಲ್ಲಿ ಇತ್ತು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಇಂಧನದ ಮುಚ್ಚಳದ ಒಳಗೆ, ಅಂಟಿಸಿರುವ ಚೀಟಿಯಲ್ಲಿನ ಅಂಕಿ ತಣ್ಣನೆಯ ಟೈರಿಗೆ ಹೇಳಿದ್ದು. ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಅಂಕಿ ಆ ಟೈರು ತಾಳಬಲ್ಲ ಗರಿಷ್ಠ ಒತ್ತಡ, ನಾವು ತುಂಬಿಸಬೇಕಾದದ್ದಲ್ಲ.

ಎತ್ತರಕ್ಕೂ ಸ್ವಲ್ಪ ಪಾಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ತುಂಬಿಸಿದ ಟೈರನ್ನು ಮಂಗಳೂರಿಗೆ ಇಳಿಸಿದರೆ, ಹೊರಗಿನ ವಾಯುಭಾರ ಹೆಚ್ಚಾದ ಕಾರಣ, ಅದೇ ಉಷ್ಣತೆಯಲ್ಲಿ ಗೇಜು ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸಬೇಕು. ಕರಾವಳಿಯ ಸೆಕೆ ಅದನ್ನು ಸಾಮಾನ್ಯವಾಗಿ ಸರಿದೂಗಿಸುವುದರಿಂದ ನಮಗೆ ತಿಳಿಯುವುದಿಲ್ಲ, ಅಷ್ಟೆ.

ದೀಪ ಹೊತ್ತುವ ರೀತಿ

ದೀಪ ಹೊತ್ತಿಕೊಂಡು ಹಾಗೆಯೇ ನಿಂತರೆ ಗಾಳಿ ಕಡಿಮೆಯಾಗಿದೆ. ಚಾಲೂ ಮಾಡಿದೊಡನೆ ಒಂದು ನಿಮಿಷ, ಒಂದೂವರೆ ನಿಮಿಷ ಮಿನುಗಿ ಆಮೇಲೆ ಆರದೆ ಹೊತ್ತಿಕೊಂಡೇ ನಿಂತರೆ ವ್ಯವಸ್ಥೆಯೇ ಕೆಟ್ಟಿದೆ: ಸೆನ್ಸರಿನ ಬ್ಯಾಟರಿ ಮುಗಿದಿರಬಹುದು, ಸೆನ್ಸರಿಲ್ಲದ ಸ್ಟೆಪ್ನಿಯನ್ನು ಹಾಕಿರಬಹುದು, ಅಥವಾ ಹೊಸ ಸೆನ್ಸರಿನ ಗುರುತನ್ನು ಕಾರಿಗೆ ಕಲಿಸದೆ ಬಿಟ್ಟಿರಬಹುದು. ಮಿನುಗುವ ದೀಪಕ್ಕೆ ಎಷ್ಟು ಗಾಳಿ ತುಂಬಿಸಿದರೂ ಪ್ರಯೋಜನವಿಲ್ಲ, ಮಿನುಗದೆ ಹೊತ್ತಿ ನಿಂತ ದೀಪಕ್ಕೆ ಸೆನ್ಸರ್ ಬದಲಿಸಿದರೆ ಹಣ ದಂಡ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಸರ್ವಿಸ್ ಸೆಂಟರಿಗೆ ಹೋದವರು ಬೇಡದ ಬಿಲ್ಲು ಕಟ್ಟಿ ಬಂದದ್ದನ್ನು ನೋಡಿದ್ದೇನೆ.

ದೀಪ ಹೊತ್ತದಿದ್ದ ಮಾತ್ರಕ್ಕೆ ಗಾಳಿ ಸರಿಯಿದೆ ಎಂದಲ್ಲ. ಈ ದೀಪವನ್ನು ಮೊದಲು ವ್ಯಾಪಕವಾಗಿ ಕಡ್ಡಾಯ ಮಾಡಿದ ಅಮೆರಿಕದಲ್ಲಿ, 2000ದ ಟ್ರೆಡ್ ಕಾಯ್ದೆಯ ಫಲವಾಗಿ ಬಂದ ನಿಯಮದಂತೆ, ಒತ್ತಡವು ಸೂಚಿತ ಅಂಕಿಗಿಂತ ಶೇಕಡಾ 25ರಷ್ಟು ಇಳಿದಾಗ ದೀಪ ಹೊತ್ತಿದರೆ ಸಾಕು. ಆ ಲೆಕ್ಕದಲ್ಲಿ 33ರ ಟೈರು 25ರ ಆಸುಪಾಸಿಗೆ ಬರುವವರೆಗೂ ದೀಪ ಸುಮ್ಮನಿರಬಹುದು. ಕೆಲವು ಕಾರುಗಳು ಇದಕ್ಕಿಂತ ಮೊದಲೇ ಎಚ್ಚರಿಸುತ್ತವೆ. ಆದರೂ 29ರಲ್ಲಿ ವಾರಗಟ್ಟಲೆ ಓಡಿ ಅಂಚು ಸವೆದ ಟೈರಿನ ನಷ್ಟವನ್ನು ಯಾವ ದೀಪವೂ ತಪ್ಪಿಸದು. ಕಣ್ಣಳತೆಯೂ ಸಾಲದು, ಏಕೆಂದರೆ ರೇಡಿಯಲ್ ಟೈರಿನ ಹೊಟ್ಟೆ ಸರಿಯಾದ ಗಾಳಿಯಿದ್ದಾಗಲೂ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ.

ಓಡುತ್ತಿರುವಾಗ ದೀಪ ಹೊತ್ತಿದರೆ ಗಟ್ಟಿಯಾಗಿ ಬ್ರೇಕ್ ಒತ್ತದೆ, ವೇಗ ತಗ್ಗಿಸಿ, ಎಡಕ್ಕೆ ಸರಿದು ನಿಲ್ಲಿಸಬೇಕು. ಅಂಕಿ ತೋರಿಸುವ ಕಾರಾದರೆ ಎರಡು ನಿಮಿಷ ನೋಡಿ: 26ರಲ್ಲಿಯೇ ನಿಂತಿದ್ದರೆ ಮುಂದಿನ ಬಂಕಿನವರೆಗೆ ನಿಧಾನವಾಗಿ ಹೋಗಬಹುದು, ಕಣ್ಣೆದುರೇ 24, 23, 22 ಎಂದು ಇಳಿಯುತ್ತಿದ್ದರೆ ಅಲ್ಲಿಯೇ ಚಕ್ರ ಬದಲಿಸುವುದು ಲೇಸು. ಖಾಲಿ ಟೈರಿನ ಮೇಲೆ ಓಡಿಸಿದರೆ ಅದರ ಪಕ್ಕದ ಗೋಡೆ ಒಳಗಿನಿಂದ ಅರೆದುಹೋಗಿ, ಮುನ್ನೂರು ರೂಪಾಯಿಯ ಪಂಕ್ಚರಿನಲ್ಲಿ ಮುಗಿಯಬೇಕಾದದ್ದು ಹೊಸ ಟೈರಿನವರೆಗೆ ಬೆಳೆಯುತ್ತದೆ.

ರೀಸೆಟ್ ಯಾವಾಗ, ಹೇಗೆ

ಹೋಲಿಕೆಯ ವ್ಯವಸ್ಥೆಯಲ್ಲಿ ಕ್ರಮವೇ ಮುಖ್ಯ. ತಣ್ಣನೆಯ ಟೈರುಗಳಲ್ಲಿ, ಚೀಟಿಯ ಅಂಕಿಯಂತೆ ನಾಲ್ಕಕ್ಕೂ ಗಾಳಿ ತುಂಬಿಸಿದ ಮೇಲೆಯೇ ಗುಂಡಿ ಒತ್ತಬೇಕು ಅಥವಾ ಮೆನುವಿನಲ್ಲಿ ಸೆಟ್ ಮಾಡಬೇಕು. ಆನಂತರ ಹಲವು ನಿಮಿಷಗಳ ಕಾಲ ಸಾಮಾನ್ಯ ವೇಗದಲ್ಲಿ ಓಡಿಸುವಾಗ ಕಾರು ಹೊಸ ಮಾದರಿಯನ್ನು ಕಲಿಯುತ್ತದೆ. ಟೈರ್ ಬದಲಿಸಿದಾಗ, ಮುಂದಿನದನ್ನು ಹಿಂದಕ್ಕೆ ಹಾಕಿದಾಗ, ಪೂರ್ಣ ಹೊರೆಗಾಗಿ ಗಾಳಿ ಹೆಚ್ಚಿಸಿದಾಗ, ಪಂಕ್ಚರ್ ಹಾಕಿಸಿದಾಗ ಇದನ್ನು ಮಾಡಲೇಬೇಕು. ಗಾಳಿ ಸರಿಪಡಿಸದೆ ಸುಮ್ಮನೆ ಮುಟ್ಟಬಾರದು.

ನನ್ನ ಭಾವನ ಕಾರಿನಲ್ಲಿ ಇದು ತಲೆಕೆಳಗಾದದ್ದನ್ನು ಕಣ್ಣಾರೆ ಕಂಡೆ. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯೊಂದರಲ್ಲಿ ಹಿಂದಿನ ಬಲಗಡೆಯ ಟೈರಿನಿಂದ ಒಂದಿಂಚು ಮೊಳೆ ತೆಗೆದು, ದಾರ ತುರುಕಿ, ಗಾಳಿ ತುಂಬಿಸಿ, ಹುಡುಗ ಒಳಗೆ ಕೈಹಾಕಿ ಗುಂಡಿ ಒತ್ತಿ ದೀಪವನ್ನು ಆರಿಸಿಕೊಟ್ಟ. ದೀಪ ಆರಿತೆಂಬ ಸಮಾಧಾನದಲ್ಲಿ ನಾವೂ ಹೊರಟೆವು. ಅವನು ತುಂಬಿಸಿದ್ದು 26 ಎಂದು ತಿಳಿದದ್ದು ಮನೆಗೆ ಬಂದು ಮರುದಿನ ನಮ್ಮದೇ ಗೇಜು ಇಟ್ಟು ನೋಡಿದಾಗ. ಕಾರು ಮಾತ್ರ ಆ 26ರ ಟೈರು ಸುತ್ತುವ ವೇಗವನ್ನೇ ಸರಿಯಾದ ವೇಗವೆಂದು ಕಲಿತುಕೊಂಡಿತ್ತು. ಇನ್ನೂ ನಾಲ್ಕೈದು ಪಿಎಸ್‌ಐ ಇಳಿದಿದ್ದರೂ ಅದು ಬಾಯಿ ಬಿಡುತ್ತಿತ್ತೋ ಇಲ್ಲವೋ.

ನೇರ ಅಳತೆಯ ಕಾರಿನಲ್ಲಿ ಗಾಳಿ ತುಂಬಿಸುವುದೇ ರೀಸೆಟ್. ನಿಂತಿರುವಾಗ ಬ್ಯಾಟರಿ ಉಳಿಸಲು ಸೆನ್ಸರುಗಳು ನಿದ್ರಿಸುವುದರಿಂದ, ತುಂಬಿಸಿದ ಕೂಡಲೇ ಅಂಕಿ ಬದಲಾಗದಿದ್ದರೆ ಗಾಬರಿಯಾಗಬೇಕಿಲ್ಲ. ಕೆಲವು ನಿಮಿಷ ಓಡಿಸಿದರೆ ಅಂಕಿಯೂ ಬದಲಾಗುತ್ತದೆ, ದೀಪವೂ ಆರುತ್ತದೆ. ಇಲ್ಲಿ ಕಲಿಸಬೇಕಾಗಿ ಬರುವುದು ಸೆನ್ಸರನ್ನು ಬದಲಿಸಿದಾಗ, ಕೆಲವು ಕಾರುಗಳಲ್ಲಿ ಚಕ್ರಗಳ ಸ್ಥಾನ ಬದಲಿಸಿದಾಗ. ಆಗಲೂ ಮೂರು ಪದ್ಧತಿಗಳಿವೆ. ಕೆಲವು ಕಾರುಗಳು ಓಡುತ್ತಲೇ ತಾವಾಗಿ ಕಲಿಯುತ್ತವೆ. ಕೆಲವಕ್ಕೆ ಮೆನುವಿನಲ್ಲಿ ಆದೇಶ ಕೊಟ್ಟು, ಪ್ರತಿ ವಾಲ್ವಿನ ಬಳಿ ಒಂದು ಸಣ್ಣ ಉಪಕರಣ ಹಿಡಿದು ಸೆನ್ಸರನ್ನು ಎಬ್ಬಿಸಬೇಕು. ಇನ್ನು ಕೆಲವಕ್ಕೆ ಸ್ಟೀರಿಂಗಿನ ಕೆಳಗಿರುವ, ಕಾರಿನ ದೋಷ ಪರೀಕ್ಷಿಸಲು ಬಳಸುವ ಒಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ಗುರುತಿನ ಸಂಖ್ಯೆಗಳನ್ನು ಬರೆಯಬೇಕು. ಮೊದಲನೆಯದಕ್ಕೆ ಯಾರೂ ಬೇಡ. ಉಳಿದೆರಡಕ್ಕೆ ಆ ಉಪಕರಣ ತಮ್ಮಲ್ಲಿದೆಯೇ ಎಂದು ಟೈರಂಗಡಿಯವರನ್ನು ಟೈರ್ ಬಿಚ್ಚುವ ಮುನ್ನವೇ ಕೇಳಬೇಕು. ಕಾರಿನ ಬ್ಯಾಟರಿಯ ತಂತಿ ಕಳಚಿ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಉಪಾಯದಿಂದ ಗಡಿಯಾರ ಕೆಡುವುದಲ್ಲದೆ ಬೇರೇನೂ ಸಾಧಿಸುವುದಿಲ್ಲ.

ಸೆನ್ಸರ್ ಸತ್ತರೆ

ಕಂಪನಿಯ ಮೂಲ ಸೆನ್ಸರ್, ಪ್ರೋಗ್ರಾಂ ಮಾಡಬಹುದಾದ ಸಾರ್ವತ್ರಿಕ ಸೆನ್ಸರ್, ದೀಪದೊಂದಿಗೇ ಬಾಳುವುದು ಎಂಬ ಮೂರು ದಾರಿಗಳಿವೆ. ವಾರಂಟಿಯೊಳಗಿನ ಕಾರಿಗೆ ಮೂಲ ಸೆನ್ಸರೇ ಸರಿ. ಹಳೆಯ ಕಾರಿಗೆ ಸಾರ್ವತ್ರಿಕ ಸೆನ್ಸರ್ ಅಗ್ಗ, ಮತ್ತು ಅದಕ್ಕೆ ಹಳೆಯ ಸೆನ್ಸರಿನ ಗುರುತಿನ ಸಂಖ್ಯೆಯನ್ನೇ ನಕಲು ಮಾಡಿ ತುಂಬಬಹುದಾದ್ದರಿಂದ ಕಾರಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ. ಆದರೆ ಅಂಗಡಿಯವರಿಗೆ ಆ ಕೆಲಸ ಬರುತ್ತಿರಬೇಕು. ಮೂರನೆಯ ದಾರಿಯನ್ನು ನಾನು ಒಪ್ಪುವುದಿಲ್ಲ. ಒಂದು ಸೆನ್ಸರ್ ಸತ್ತ ಮೇಲೆ ದೀಪ ಸದಾ ಹೊತ್ತಿರುವುದರಿಂದ, ಉಳಿದ ಮೂರು ಚಕ್ರಗಳಲ್ಲಿ ನಿಜವಾಗಿ ಗಾಳಿ ಇಳಿದಾಗ ಬರುವ ಎಚ್ಚರಿಕೆ ಅದರಲ್ಲಿ ಮುಚ್ಚಿಹೋಗುತ್ತದೆ.

ಏಳೆಂಟು ವರ್ಷದ ಕಾರಿನಲ್ಲಿ ಒಂದರ ಬ್ಯಾಟರಿ ಮುಗಿದರೆ ಉಳಿದವು ಬಹಳ ದೂರವಿಲ್ಲ, ಎಲ್ಲವೂ ಒಂದೇ ವಯಸ್ಸಿನವು. ಸೆನ್ಸರ್ ಬದಲಿಸಲು ಟೈರನ್ನು ರಿಮ್ಮಿನಿಂದ ಬಿಡಿಸಿ, ಮತ್ತೆ ಕೂರಿಸಿ, ಬ್ಯಾಲೆನ್ಸ್ ಮಾಡಬೇಕು. ಆದ್ದರಿಂದ ಹೊಸ ಟೈರ್ ಹಾಕಿಸುವ ದಿನವೇ ನಾಲ್ಕನ್ನೂ ಬದಲಿಸಿದರೆ ಆ ಕೂಲಿ ಎರಡು ಸಲ ತೆರಬೇಕಾಗಿಲ್ಲ. ಟೈರ್ ಬಿಡಿಸುವಾಗ ಯಂತ್ರದ ಪಟ್ಟಿ ವಾಲ್ವಿನ ಕಡೆಯಿಂದ ಒತ್ತಿದರೆ ಸೆನ್ಸರ್ ಚಿಪ್ಪಿನಂತೆ ಒಡೆಯುತ್ತದೆ. "ಒಳಗೆ ಸೆನ್ಸರಿದೆ" ಎಂದು ಮೊದಲೇ ಹೇಳಿ, ಪಕ್ಕದಲ್ಲಿಯೇ ನಿಲ್ಲುವುದರಲ್ಲಿ ಸಂಕೋಚ ಬೇಡ. ಪಂಕ್ಚರಿಗೆ ಸುರಿಯುವ ದ್ರವವೂ ಸೆನ್ಸರಿನ ರಂಧ್ರವನ್ನು ಕಟ್ಟಿಬಿಡಬಹುದು. ಸೆನ್ಸರಿಗೆ ಹಾನಿಯಿಲ್ಲವೆಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಬಳಸಬೇಕು.

ಕರಾವಳಿಯವರಿಗೆ ಇನ್ನೊಂದು ಮಾತು. ಅಲ್ಯುಮಿನಿಯಂ ವಾಲ್ವಿಗೆ ಹೊಳೆಯುವ ಹಿತ್ತಾಳೆಯ ಮುಚ್ಚಳ ಹಾಕಿದರೆ, ಉಪ್ಪುಗಾಳಿಯಲ್ಲಿ ಎರಡು ಲೋಹಗಳೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕುಂದಾಪುರದ ಟೈರಂಗಡಿಯೊಂದರಲ್ಲಿ ಅಂಥ ಮುಚ್ಚಳವನ್ನು ಇಕ್ಕಳದಿಂದ ತಿರುಗಿಸುತ್ತಿದ್ದಂತೆ ವಾಲ್ವಿನ ಕತ್ತೇ ಕಿತ್ತುಬಂದು, ಬಿಳಿಯ ಪುಡಿ ಉದುರಿ, ಟೈರು ಒಂದೇ ಉಸಿರಿಗೆ ಕುಸಿದುದನ್ನು ನೋಡಿದ್ದೇನೆ. ಒಳಗಿನ ಸೆನ್ಸರೂ ಅದರೊಂದಿಗೇ ಹೋಯಿತು. ಕಾರಿನೊಂದಿಗೆ ಬಂದ ಕಪ್ಪು ಪ್ಲಾಸ್ಟಿಕ್ ಮುಚ್ಚಳವೇ ಅಲ್ಲಿಗೆ ಸರಿ. ವಾಲ್ವ್ ಪಿನ್ ಬದಲಿಸುವುದಾದರೆ ನಿಕ್ಕೆಲ್ ಲೇಪದ್ದನ್ನು ಕೇಳಿ ಹಾಕಿಸಬೇಕು.

ದೀಪವೇ ಇಲ್ಲದ ಕಾರಿಗೆ

ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಹಾಕುವ ಹೊರಗಿನ ಸೆನ್ಸರುಗಳು ಮತ್ತು ಟೈರಿನೊಳಗೆ ಕೂರಿಸುವ ಸೆನ್ಸರುಗಳು ಕಿಟ್‌ಗಳಾಗಿ ಸಿಗುತ್ತವೆ. ಎರಡಕ್ಕೂ ಡ್ಯಾಶ್‌ಬೋರ್ಡಿನ ಮೇಲಿಡುವ ಪುಟ್ಟ ಪರದೆ ಬರುತ್ತದೆ. ಹೊರಗಿನದನ್ನು ನಾವೇ ಹತ್ತು ನಿಮಿಷದಲ್ಲಿ ಹಾಕಬಹುದು, ಬಟನ್ ಬ್ಯಾಟರಿಯನ್ನು ಮನೆಯಲ್ಲಿಯೇ ಬದಲಿಸಬಹುದು, ಕಾರು ಮಾರುವಾಗ ಕಳಚಿಕೊಂಡು ಹೋಗಬಹುದು. ತೊಂದರೆಯೆಂದರೆ ಗಾಳಿ ತುಂಬಿಸುವಾಗಲೆಲ್ಲ ಬಿಚ್ಚಬೇಕು, ಬಂಕಿನ ಗಡಿಬಿಡಿಯಲ್ಲಿ ಒಂದು ಉರುಳಿಹೋದರೆ ಸಿಗದು, ಮತ್ತು ಅದರ ಭಾರಕ್ಕೆ ಹಳೆಯ ರಬ್ಬರ್ ವಾಲ್ವ್ ಓಡುವಾಗ ಬಾಗಿ ಬುಡದಲ್ಲಿ ಬಿರುಕು ಬಿಡಬಹುದು. ಹಾಕಿದ ಮೇಲೆ ಸೋಪಿನ ನೀರನ್ನು ಬುಡಕ್ಕೆ ಸವರಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು. ಲೋಹದ ವಾಲ್ವ್ ಹಾಕಿಸಿಕೊಂಡರೆ ಇನ್ನೂ ನಿಶ್ಚಿಂತೆ. ಒಳಗಿನದು ಕಳುವಾಗದು, ಹೊರಗಿನ ಹೊಡೆತಕ್ಕೆ ಸಿಗದು, ಆದರೆ ಟೈರ್ ಬಿಡಿಸದೆ ಕೂರಿಸಲಾಗದು.

ಊರೊಳಗೆ ಮಾತ್ರ ಓಡುವ ಕಾರಿಗೆ ಇವೆರಡೂ ಬೇಡ, ಒಂದು ಒಳ್ಳೆಯ ಗೇಜು ಸಾಕು ಎನ್ನುವುದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಘಟ್ಟ ಹತ್ತಿಳಿಯುವವರು ಹೊರಗಿನ ಕಿಟ್ ಕೊಳ್ಳಲಿ. ಹೇಗೂ ಹೊಸ ಟೈರ್ ಹಾಕಿಸುತ್ತಿರುವವರು ಒಳಗಿನದನ್ನು ಯೋಚಿಸಲಿ. ಬಂಕಿನಲ್ಲಿ ಗಾಳಿ ಉಚಿತ ಸೇವೆಯೇ ಆದರೂ ಎರಡು ಬಂಕುಗಳ ಯಂತ್ರಗಳು ಒಂದೇ ಅಂಕಿ ತೋರಿಸುವುದು ಅಪರೂಪ. ಯಾವಾಗಲೂ ಒಂದೇ ಗೇಜಿನಿಂದ, ಬೆಳಗ್ಗೆ ಮನೆಯಂಗಳದಲ್ಲಿ, ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಅಳೆಯುವ ಅಭ್ಯಾಸ ಯಾವ ಕಿಟ್ಟಿಗೂ ಕಡಿಮೆಯಲ್ಲ.

ಸ್ಟೆಪ್ನಿಯೇ ಇಲ್ಲದ ಕಾರುಗಳ ಮಾತು ಬೇರೆ. ಟೈರಿನ ಒತ್ತಡ ತಿಳಿಸುವ ವ್ಯವಸ್ಥೆಯೂ ಪಂಕ್ಚರ್ ರಿಪೇರಿ ಕಿಟ್ಟೂ ಇದ್ದರೆ 3.5 ಟನ್ನಿನೊಳಗಿನ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿತು. ಅಂಥ ಕಾರಿನಲ್ಲಿ ಕೆಟ್ಟ ಸೆನ್ಸರನ್ನು ಮುಂದಿನ ಸರ್ವಿಸಿನವರೆಗೆ ಮುಂದೂಡುವುದು ಸಲ್ಲದು.

ಹಳೆಯ ಕಾರು ಕೊಳ್ಳಲು ಹೋದಾಗ ಇಂಜಿನ್ ಚಾಲೂ ಮಾಡುವ ಮುನ್ನ ಇಗ್ನಿಷನ್ ಮಾತ್ರ ಆನ್ ಮಾಡಿ ನೋಡಿ. ಬೇರೆ ದೀಪಗಳ ಜೊತೆಗೆ ಟೈರಿನ ದೀಪವೂ ಒಂದೆರಡು ಕ್ಷಣ ಹೊತ್ತಿ ಆರಬೇಕು. ಆ ವ್ಯವಸ್ಥೆ ಇರಬೇಕಾದ ವೇರಿಯಂಟಿನಲ್ಲಿ ಅದೊಂದು ಹೊತ್ತದೇ ಇದ್ದರೆ, ಸೆನ್ಸರಿನ ಖರ್ಚು ತಪ್ಪಿಸಿಕೊಳ್ಳಲು ಯಾರೋ ದೀಪದ ಬಾಯಿಯನ್ನೇ ಮುಚ್ಚಿರುವ ಸಾಧ್ಯತೆಯಿದೆ; ನಾಲ್ಕು ಸೆನ್ಸರುಗಳ ಬೆಲೆಯನ್ನು ಹಿಡಿದುಕೊಂಡೇ ಚೌಕಾಸಿಗೆ ಇಳಿಯಬೇಕು.